ಕಳ್ಳನ ಸಾಕ್ಷ್ಯ: ವಿನೋದ ಪತ್ತೇದಾರಿ ಕಾದಂಬರಿಯ ಒಂದು ಪ್ರಭೇದವನ್ನು ಕುರಿತು

ಪತ್ತೇದಾರಿ ಕಾದಂಬರಿಯನ್ನು ವಿದ್ವತ್ಪತ್ರಿಕೆಯೊಂದರಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು ಉಚಿತವೇ ಎಂಬ ಶಂಕೆ ಕೆಲವು ವಾಚಕರಲ್ಲಿ ಮೂಡಬಹುದು. ಬಹುಜನ ಓದುತ್ತಾರೆಂಬ ಒಂದೇ ಕಾರಣದಿಂದ ಯಾವ ಪುಸ್ತಕವೂ ವಿಮರ್ಶೆಗೆ ಅರ್ಹವಾಗುವುದಿಲ್ಲ, ನಿಜ. ಆದರೆ ಅದೇ ಕಾರಣಕ್ಕೆ ಅನರ್ಹವೂ ಆಗಬೇಕಾಗಿಲ್ಲ. ಈ ಲೇಖನದಲ್ಲಿ ನಾವು ಪತ್ತೇದಾರಿ ವಾಙ್ಮಯದ ಸಮಗ್ರ ಸಮೀಕ್ಷೆಗೆ ಕೈಹಾಕದೆ ಅದರ ಒಂದು ಸಣ್ಣ ಪ್ರಭೇದವನ್ನು ಮಾತ್ರ ಪರಿಶೀಲಿಸುತ್ತೇವೆ. ಕಳ್ಳನಾದವನೇ ಪತ್ತೇದಾರನಾಗಿ, ಕಥೆಯುದ್ದಕ್ಕೂ ನಮ್ಮನ್ನು ನಗಿಸುತ್ತ, ಕೊನೆಗೆ ಕೊಲೆಗಾರನನ್ನು ಹಿಡಿದುಕೊಡುವ ಕಾದಂಬರಿಗಳವು. ಸಭ್ಯರಾದ ಓದುಗರು ಇಂಥ ನಾಯಕನ ಮೇಲೆ ಏಕೆ ಇಷ್ಟು ಪ್ರೀತಿಯಿಡುತ್ತಾರೆ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಭೇದದ ಅಚ್ಚುಕಟ್ಟಾದ ಮಾದರಿಯೆಂದರೆ ಅಮೆರಿಕದ ಲಾರೆನ್ಸ್ ಬ್ಲಾಕ್ ಅವರ ಕಾದಂಬರಿಮಾಲೆ. 1977ರಲ್ಲಿ ಆರಂಭವಾದ ಈ ಮಾಲೆಯ ನಾಯಕ ಬರ್ನಿ ರೋಡೆನ್‌ಬಾರ್ ಎಂಬ ನ್ಯೂಯಾರ್ಕಿನ ಕನ್ನಗಳ್ಳ. 1979ರಲ್ಲಿ ಬಂದ ಮೂರನೆಯ ಕಾದಂಬರಿಯ ವೇಳೆಗೆ ಅವನು ಹಳೆಯ ಪುಸ್ತಕಗಳ ಅಂಗಡಿಯೊಂದರ ಒಡೆಯನೂ ಆಗಿದ್ದಾನೆ. ಹಗಲು ಪುಸ್ತಕ ವ್ಯಾಪಾರ, ಇರುಳು ಬೀಗ ತೆರೆಯುವ ವಿದ್ಯೆ. ಕಥೆಯ ಹಂದರ ಬಹುಮಟ್ಟಿಗೆ ಒಂದೇ. ಕದಿಯಲೆಂದು ಹೊಕ್ಕ ಮನೆಯಲ್ಲಿ ಹೆಣ ಬಿದ್ದಿರುತ್ತದೆ, ಇಲ್ಲವೆ ಕದ್ದ ವಸ್ತುವಿನ ಬೆನ್ನಿಗೆ ಕೊಲೆಯೊಂದು ಅಂಟಿಕೊಂಡು ಬರುತ್ತದೆ. ಪೊಲೀಸರ ಕಣ್ಣು ಮೊದಲು ಅವನ ಮೇಲೆಯೇ. ತಾನು ಕೊಂದವನಲ್ಲವೆಂದು ಸಾಧಿಸಬೇಕಾದರೆ ಕೊಂದವನಾರೆಂದು ತೋರಿಸುವುದಲ್ಲದೆ ಅನ್ಯಮಾರ್ಗವಿಲ್ಲ. ಹೀಗೆ ಅವನು ಪತ್ತೇದಾರನಾಗುವುದು ಧರ್ಮಬುದ್ಧಿಯಿಂದಲ್ಲ, ಪ್ರಾಣಸಂಕಟದಿಂದ. ಕಥೆ ಮುಗಿದ ಮೇಲೂ ಅವನು ಕಳ್ಳನಾಗಿಯೇ ಉಳಿಯುತ್ತಾನೆಂಬುದನ್ನು ವಾಚಕರು ಗಮನಿಸಬೇಕು. ಪಶ್ಚಾತ್ತಾಪಪಟ್ಟು ಸನ್ಮಾರ್ಗಕ್ಕೆ ಬಂದ ಕಳ್ಳನ ಕಥೆ ಬೇರೆ. ಅದರಲ್ಲಿ ನಗೆ ಬೇಗನೆ ಆರಿಹೋಗುತ್ತದೆ.

ಈ ಕಲ್ಪನೆಗೆ ಚರಿತ್ರೆಯ ಆಧಾರವೂ ಉಂಟು. ಫ್ರಾನ್ಸಿನ ವಿಡಾಕ್ (1775–1857) ಅನೇಕ ಸಲ ಸೆರೆಮನೆ ಕಂಡು, ಅನೇಕ ಸಲ ತಪ್ಪಿಸಿಕೊಂಡು, ಕೊನೆಗೆ ಪೊಲೀಸರಿಗೆ ಸುದ್ದಿಗಾರನಾಗಿ, ಪ್ಯಾರಿಸ್ಸಿನ ಗುಪ್ತ ಪತ್ತೆದಳಕ್ಕೇ ಮುಖ್ಯಸ್ಥನಾದವನು. ಆ ದಳಕ್ಕೆ ಅವನು ಆರಿಸಿಕೊಂಡವರಲ್ಲಿ ಹಲವರು ಹಳೆಯ ಅಪರಾಧಿಗಳೇ. 1905ರಲ್ಲಿ ಮಾರಿಸ್ ಲೆಬ್ಲಾಂಕ್ ಸೃಷ್ಟಿಸಿದ ಆರ್ಸೆನ್ ಲೂಪಿನ್ ಎಂಬ ವಿನೋದಪ್ರಿಯ ಕಳ್ಳನ ಹಿಂದೆ ವಿಡಾಕನ ನೆರಳು ಕಾಣುತ್ತದೆ. 1910ರ ‘813’ ಎಂಬ ಕಾದಂಬರಿಯಲ್ಲಂತೂ ಲೂಪಿನ್ ಹೆಸರು ಬದಲಿಸಿಕೊಂಡು ಪೊಲೀಸ್ ಪತ್ತೆ ಇಲಾಖೆಯ ಮುಖ್ಯಾಧಿಕಾರಿಯಾಗಿಯೇ ಕುಳಿತು, ತನ್ನನ್ನು ತಾನೇ ಹುಡುಕಿಸುತ್ತಿರುತ್ತಾನೆ! ಹಾಸ್ಯದ ಬೀಜ ಇಲ್ಲಿಯೇ ಇದೆ.

ಈ ಆಕರ್ಷಣೆಗೆ ಎರಡು ಮೂಲಗಳಿವೆಯೆಂದು ನಾವು ಭಾವಿಸುತ್ತೇವೆ. ಮೊದಲನೆಯದು ಕಳ್ಳನ ಜ್ಞಾನ. ಇದನ್ನು ವಿಶದಪಡಿಸಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಸುತ್ತಣ ಅಡಕೆ ತೋಟದ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಲೆನಾಡಿನ ಮನೆ ಬಹುಮಟ್ಟಿಗೆ ಒಂಟಿಮನೆ. ನೆರೆಮನೆಗೆ ಕೂಗು ಕೇಳಿಸುವುದೂ ಕಷ್ಟ. ಮನೆಯ ಯಜಮಾನನ ಕಣ್ಣಿಗೆ ಅದು ಹೆಬ್ಬಾಗಿಲು, ಜಗಲಿ, ನಡುಮನೆ, ದೇವರಮನೆ ಎಂದು ಒಳಸಾಗುವ ಮರ್ಯಾದೆಯ ಕ್ರಮ. ವಿಚಾರಣೆಗೆ ಬಂದ ಅಧಿಕಾರಿಯೂ ಆ ಕ್ರಮದಲ್ಲಿಯೇ ಒಳಗೆ ಬರುತ್ತಾನೆ. ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, ಯಜಮಾನ ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಕಳ್ಳನಿಗೆ ಮನೆ ಕಾಣುವುದು ಹಿಂದಿನಿಂದ. ಕೊಟ್ಟಿಗೆಯ ಕಡೆಯ ಬಾಗಿಲಿನ ಅಗುಳಿ ಸಡಿಲವೋ ಬಿಗಿಯೋ, ಅಟ್ಟದ ಯಾವ ಹಲಗೆ ಕಿರುಗುಟ್ಟುತ್ತದೆ, ಒಣಗಿದ ಅಡಕೆಯ ಚೀಲ ಈ ವರ್ಷ ಅಟ್ಟದಲ್ಲಿದೆಯೋ ಆಗಲೇ ಮಂಡಿಗೆ ಹೋಯಿತೋ, ನಾಯಿ ಯಾರಿಗೆ ಬೊಗಳುವುದಿಲ್ಲ, ಸುಲಿತದ ಕಾಲದಲ್ಲಿ ಎಷ್ಟು ಹೊತ್ತಿನವರೆಗೆ ದೀಪ ಉರಿಯುತ್ತದೆ, ತೋಟದ ಕಾಲುದಾರಿಯಲ್ಲಿ ತರಗೆಲೆ ಒದ್ದೆಯಾಗಿ ಸದ್ದಡಗುವುದು ಯಾವ ತಿಂಗಳಿನಲ್ಲಿ, ಇವೆಲ್ಲ ಅವನಿಗೆ ಬಾಯಿಪಾಠ. ಆ ಮನೆಯಲ್ಲಿ ಒಂದು ಸಾವು ಸಂಭವಿಸಿತೆನ್ನಿ. ನಾಯಿ ಬೊಗಳಲಿಲ್ಲವೆಂಬ ಸಂಗತಿಯನ್ನು ಅಧಿಕಾರಿ ದಾಖಲೆಯಲ್ಲಿ ಬರೆದುಕೊಂಡಾನು. ಅದರ ಅರ್ಥ ಕಳ್ಳನಿಗೆ ಮೊದಲೇ ಹೊಳೆದಿರುತ್ತದೆ, ಏಕೆಂದರೆ ಆ ನಾಯಿಯನ್ನು ಒಲಿಸಿಕೊಳ್ಳಲು ಎಷ್ಟು ದಿನ ಬೇಕಾಗುತ್ತದೆಂಬುದನ್ನು ಅವನು ಸ್ವತಃ ಲೆಕ್ಕ ಹಾಕಿದ್ದಾನೆ. ಪತ್ತೇದಾರನು ಊಹೆಯಿಂದ ಪಡೆಯುವುದನ್ನು ಕಳ್ಳ ವೃತ್ತಿಯಿಂದ ಪಡೆದಿದ್ದಾನೆ. ಓದುಗನಿಗಾದರೋ ತನಗೆ ಚಿರಪರಿಚಿತವಾದ ಮನೆಯನ್ನೇ ಮೊದಲ ಸಲ ಹಿತ್ತಿಲ ಕಡೆಯಿಂದ ನೋಡಿದ ಬೆರಗು.

ಎರಡನೆಯದು ಇನ್ನೂ ಮುಖ್ಯವಾದುದು. ನಮ್ಮ ಅಭಿಪ್ರಾಯದಲ್ಲಿ ಈ ಕಾದಂಬರಿಗಳ ಜೀವವೇ ಅದು. ಕಳ್ಳನಿಗೆ ಸತ್ಯ ಗೊತ್ತು, ಆದರೆ ಹೇಳುವಂತಿಲ್ಲ. ‘ಕೊಲೆಗಾರನನ್ನು ಕಂಡೆ’ ಎಂದು ಬಾಯಿಬಿಟ್ಟರೆ ‘ಅಷ್ಟು ಹೊತ್ತಿನಲ್ಲಿ ನೀನು ಅಟ್ಟದ ಮೇಲೆ ಏನು ಮಾಡುತ್ತಿದ್ದೆ?’ ಎಂಬ ಪ್ರಶ್ನೆ ಎದುರಿಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಅದು ಒಂದೇ ವಾಕ್ಯದ ಪತ್ತೇದಾರಿ ಕಥೆ. ಈ ಕಾದಂಬರಿಗಳ ನಾಯಕನ ಪಾಡು ಆ ಗಾದೆಯ ವಿಪರ್ಯಾಸ: ಕುಂಬಳಕಾಯಿಯನ್ನು ಬೇರೆ ಯಾರೋ ಕದ್ದಿದ್ದಾರೆ, ಆದರೆ ಬೂದಿ ಇವನ ಹೆಗಲ ಮೇಲೂ ಇದೆ. ಅವನು ಸತ್ಯವನ್ನು ಇನ್ನೊಬ್ಬರ ಬಾಯಿಂದ ಹೊರಡಿಸಬೇಕು, ಸುಳ್ಳಿನ ಮೂಲಕ ನಿಜವನ್ನು ತೋರಿಸಬೇಕು, ಪರವೇಷ ಹಾಕಬೇಕು. ಹಾಸ್ಯ ಹುಟ್ಟುವುದು ಈ ಇಕ್ಕಟ್ಟಿನಿಂದ. ಮಾತಿನ ಚಮತ್ಕಾರ ಅದಕ್ಕೆ ಒಗ್ಗರಣೆ ಮಾತ್ರ. ನ್ಯಾಯಶಾಸ್ತ್ರಕ್ಕೂ ಈ ಇಕ್ಕಟ್ಟು ಅಪರಿಚಿತವಲ್ಲ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ತನ್ನ 133ನೆಯ ಪ್ರಕರಣದಲ್ಲಿ ಸಹಾಪರಾಧಿಯ ಸಾಕ್ಷ್ಯ ಗ್ರಾಹ್ಯವೆಂದು ಹೇಳಿ, 114ನೆಯ ಪ್ರಕರಣದ ದೃಷ್ಟಾಂತವೊಂದರಲ್ಲಿ ಬೇರೆ ಆಧಾರವಿಲ್ಲದೆ ಅಂಥವನನ್ನು ನಂಬಲಾಗದೆಂದು ನ್ಯಾಯಾಲಯ ಭಾವಿಸಬಹುದೆಂದಿತ್ತು. ಆ ಅಧಿನಿಯಮದ ಸ್ಥಾನಕ್ಕೆ 2023ರ ಹೊಸ ಅಧಿನಿಯಮ ಬಂದಿದೆ. ಆದರೆ ಮಾಫಿಸಾಕ್ಷಿಯ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬ ತೊಡಕು ಯಾವ ಅಧಿನಿಯಮದಿಂದಲೂ ಪೂರ್ಣವಾಗಿ ಬಗೆಹರಿಯುವಂಥದಲ್ಲ.

ಇದೆಲ್ಲ ಪಾಶ್ಚಾತ್ಯರಿಂದ ಬಂದ ಸರಕೆಂದು ಎಣಿಸುವವರು ನಮ್ಮ ಪ್ರಾಚೀನ ಸಾಹಿತ್ಯದತ್ತ ಕಣ್ಣುಹಾಯಿಸಬೇಕು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವ ಸನ್ನಿವೇಶವಿದೆ. ಕನ್ನಕ್ಕೆ ಯಾವ ಆಕಾರ ಒಪ್ಪುತ್ತದೆಂದು ಶಿಲ್ಪಿಯಂತೆ ಚಿಂತಿಸುವ ಈ ಬ್ರಾಹ್ಮಣಕಳ್ಳ, ಅಳತೆಯ ದಾರವನ್ನು ಮರೆತುಬಂದಿರುವುದರಿಂದ ಯಜ್ಞೋಪವೀತವನ್ನೇ ಅಳತೆದಾರವನ್ನಾಗಿ ಮಾಡಿಕೊಳ್ಳುತ್ತಾನೆ. ಬೆಳಗಾದ ಮೇಲೆ ಕನ್ನದ ಅಂದವನ್ನು ಮೆಚ್ಚುವವನು ಮನೆಯೊಡೆಯನಾದ ಚಾರುದತ್ತನೇ. ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವಲ್ಲಾ ಎಂದು ಅವನಿಗೆ ಸಮಾಧಾನ ಬೇರೆ. ನಾವು ನಗುತ್ತಿರುವಾಗಲೇ ಕಥೆ ಗಂಭೀರವಾಗುತ್ತದೆ. ಹೋದದ್ದು ವಸಂತಸೇನೆ ಇಟ್ಟಿದ್ದ ಒಡವೆ. ಬಡವನಾದ ತನ್ನ ಮಾತನ್ನು ಯಾರು ನಂಬುತ್ತಾರೆ ಎಂಬುದೇ ಚಾರುದತ್ತನ ದುಃಖ. ನಂಬಿಕೆ ಮಾತಿಗೆ ಅಂಟಿಕೊಂಡಿಲ್ಲ, ಆಡಿದವನ ಸ್ಥಿತಿಗೆ ಅಂಟಿಕೊಂಡಿದೆ ಎಂಬ ಕಹಿಸಂಗತಿ ಈ ವಿನೋದದ ತಳದಲ್ಲಿದೆ. ನಾಟಕದ ಕೊನೆಗೆ ರಾಜ್ಯ ಬದಲಾದ ಸುದ್ದಿಯನ್ನು ಚಾರುದತ್ತನಿಗೆ ತರುವವನು ಅದೇ ಶರ್ವಿಲಕ. ಗಿರೀಶ ಕಾರ್ನಾಡರು 1984ರಲ್ಲಿ ಈ ನಾಟಕವನ್ನು ಆಧರಿಸಿ ನಿರ್ದೇಶಿಸಿದ ‘ಉತ್ಸವ್’ ಎಂಬ ಹಿಂದೀ ಚಿತ್ರದಲ್ಲಿ ಕಳ್ಳನ ಪಾತ್ರ ವಹಿಸಿದವರು ಶಂಕರ್ ನಾಗ್. ಮುಂದೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು ದೂರದರ್ಶನಕ್ಕಾಗಿ ಮಾಲ್ಗುಡಿಯಾಗಿಸಿದವರೂ ಅವರೇ.

ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆ. ಹತ್ತನೆಯ ಶತಮಾನದ ಆಸುಪಾಸಿನದೆಂದು ಪರಿಗಣಿತವಾದ ಈ ಗದ್ಯಗ್ರಂಥ ಡಿ. ಎಲ್. ನರಸಿಂಹಾಚಾರ್ಯರ ಸಂಪಾದಕತ್ವದಲ್ಲಿ 1949ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಅದನ್ನು ಧರ್ಮಕಥೆಯೆಂದು ಬೋಧಿಸುವುದೇ ವಾಡಿಕೆ. ಆದರೆ ಕಥೆಯ ಮೊದಲ ಭಾಗವನ್ನು ಪತ್ತೇದಾರಿಯೆಂದು ಓದಿ ನೋಡಬಹುದು. ಮಿಥಿಲೆಯ ಅರಸನ ಹಾರ ಕಳುವಾಗುತ್ತದೆ. ಗೊತ್ತುಪಡಿಸಿದ ಅವಧಿಯೊಳಗೆ ಕಳ್ಳನನ್ನು ಹಿಡಿಯದಿದ್ದರೆ ತಳಾರನಾದ ಯಮದಂಡನ ತಲೆ ಉಳಿಯದು. ಅವನು ಊರೆಲ್ಲ ಅರಸಿ, ಕೊನೆಗೆ ಪಾಳುಗುಡಿಯಲ್ಲಿ ಬಿದ್ದಿದ್ದ ಕುಷ್ಠರೋಗಿಯೊಬ್ಬನನ್ನು ಎಳೆದುತರುತ್ತಾನೆ. ರೋಗಿಯೋ ತಾನು ಕಳ್ಳನಲ್ಲವೆನ್ನುತ್ತಾನೆ. ನಾನಾ ಬಗೆಯ ಚಿತ್ರಹಿಂಸೆಗೂ ಬಗ್ಗುವುದಿಲ್ಲ. ಅರಸ ಅಭಯ ಕೊಟ್ಟ ಮೇಲೆ ಅವನೇ ಬಾಯಿಬಿಡುತ್ತಾನೆ: ಕಳ್ಳ ತಾನೇ, ಯಮದಂಡ ಹೇಳಿದ್ದು ನಿಜ. ಆಮೇಲೆ ಕಥೆ ತನ್ನ ಗುಟ್ಟನ್ನು ಬಿಚ್ಚುತ್ತದೆ. ಇಬ್ಬರೂ ಬಾಲ್ಯಸ್ನೇಹಿತರು, ಒಬ್ಬನೇ ಗುರುವಿನ ಶಿಷ್ಯರು. ತಳಾರನ ಮಗ ಕಾವಲಿನ ಶಾಸ್ತ್ರವನ್ನು ಕಲಿತ. ಅರಸುಮಗನಾದ ವಿದ್ಯುಚ್ಚೋರ ಕಳವಿನ ಶಾಸ್ತ್ರವನ್ನು ಕಲಿತ. ‘ನೀನು ಕಾಯುವ ಊರಿಗೇ ಬಂದು ಕದಿಯುತ್ತೇನೆ’ ಎಂದು ಆಡಿದ್ದ ಮಾತನ್ನು ನಡೆಸಲು ಅವನು ಬಂದಿದ್ದಾನೆ. ಎರಡು ಶಾಸ್ತ್ರಗಳನ್ನೂ ಒಂದೇ ಗುರುಕುಲದಲ್ಲಿಟ್ಟ ಈ ಕಲ್ಪನೆಯ ಸೊಗಸನ್ನು ವಾಚಕರು ಗ್ರಹಿಸಬೇಕು. ತಳಾರನ ಊಹೆ ಸರಿಯಿದ್ದರೂ ಅದಕ್ಕೆ ಪ್ರಮಾಣವಿಲ್ಲ. ಅವನ ಪ್ರಾಣವನ್ನುಳಿಸಬಲ್ಲ ಒಬ್ಬನೇ ಸಾಕ್ಷಿ ಕಳ್ಳ. ಅರಸ ಮೆಚ್ಚಿ ವರ ಕೇಳೆಂದಾಗ ಕಳ್ಳ ಬೇಡುವುದು ಗೆಳೆಯನ ಕ್ಷೇಮವನ್ನು. ಮುಂದೆ ವಿದ್ಯುಚ್ಚೋರ ದೀಕ್ಷೆವಹಿಸಿ ರಿಸಿಯಾಗುತ್ತಾನೆ. ಅಲ್ಲಿಗೆ ವಿನೋದ ನಿಲ್ಲುತ್ತದೆ, ಸಹಜವಾಗಿಯೇ.

ಇಂಥ ಪರಂಪರೆಯಿದ್ದೂ ಹೊಸಗನ್ನಡದ ಪತ್ತೇದಾರಿ ಕಾದಂಬರಿ ಬೇರೆ ದಾರಿ ಹಿಡಿಯಿತು. 1950 ಮತ್ತು 60ರ ದಶಕಗಳಲ್ಲಿ ಎಂ. ರಾಮಮೂರ್ತಿ (1918–1967) ಮತ್ತು ಎನ್. ನರಸಿಂಹಯ್ಯ (1925–2011) ಈ ಪ್ರಕಾರವನ್ನು ಮನೆಮನೆಗೆ ಮುಟ್ಟಿಸಿದರು. ಕನ್ನಡ ಚಳವಳಿಯ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಇದೇ ರಾಮಮೂರ್ತಿಯವರೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ನರಸಿಂಹಯ್ಯನವರು ಬರೆದ ಕಾದಂಬರಿಗಳ ಸಂಖ್ಯೆಯನ್ನು 500ಕ್ಕೂ ಮೇಲೆಂದು ಹೇಳುವುದುಂಟು. ಅವರ ಪತ್ತೇದಾರ ಪುರುಷೋತ್ತಮ ಕನ್ನಡ ಓದುಗರಿಗೆ ನಿಜವಾದ ಮನುಷ್ಯನಷ್ಟೇ ಪರಿಚಿತನಾಗಿದ್ದ. ಹೆಸರೇ ಸೂಚಿಸುವಂತೆ ಅವನು ಪುರುಷೋತ್ತಮ: ಧೀರ, ಶುದ್ಧ, ಕಳ್ಳರಿಗೆ ಕಾಲ. ಬಾಡಿಗೆ ಪುಸ್ತಕಾಲಯಗಳ ಮೂಲಕ ಹೊಸದಾಗಿ ಓದಿನ ರುಚಿ ಕಂಡವರಿಗೆ, ನ್ಯಾಯ ಖಂಡಿತವಾಗಿ ದೊರಕುವ ಒಂದು ಲೋಕ ಬೇಕಾಗಿತ್ತು. ಆ ಲೋಕವನ್ನು ಕೊಟ್ಟದ್ದು ಸಣ್ಣ ಉಪಕಾರವೇನಲ್ಲ. ಆದರೆ ಪತ್ತೇದಾರನ ಮಾತನ್ನು ಎಲ್ಲರೂ ನಂಬುವ ಕಥೆಯಲ್ಲಿ ನಂಬಿಕೆಯೇ ಪ್ರಶ್ನೆಯಾಗುವುದಿಲ್ಲ. ನಗೆಗೆ ಎಡೆ ಕಡಿಮೆಯಾದದ್ದು ಆ ಕಾರಣದಿಂದ.

ಆ ನಗೆಯನ್ನು ರಹಸ್ಯಕಥೆಗೆ ಮರಳಿ ತಂದವರು ತೀರ್ಥಹಳ್ಳಿ ತಾಲ್ಲೂಕಿನವರೇ ಎಂಬುದು ಕಾಕತಾಳೀಯವಲ್ಲವೆಂದು ನಮಗೆ ತೋರುತ್ತದೆ. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿ (1938–2007), ಬ್ಲಾಕ್ ಹುಟ್ಟಿದ ವರ್ಷವೇ ಹುಟ್ಟಿದವರು, 1985ರ ‘ಚಿದಂಬರ ರಹಸ್ಯ’ದಲ್ಲಿ ಯಾಲಕ್ಕಿಯ ಅವನತಿ ಮತ್ತು ವಿಜ್ಞಾನಿಯೊಬ್ಬನ ಸಾವಿನ ಶೋಧಕ್ಕೆಂದು ಗುಪ್ತಚರ ಅಧಿಕಾರಿ ಶ್ಯಾಮನಂದನ ಅಂಗಡಿಯನ್ನು ಕೆಸರೂರಿಗೆ ಕಳುಹಿಸುತ್ತಾರೆ. ಊರಿಗೆ ಊರೇ ಅವನಿಗೆ ಏನನ್ನೋ ಹೇಳುತ್ತದೆ; ಹೇಳಿದ್ದರಲ್ಲಿ ಯಾವುದು ಸಾಕ್ಷ್ಯ, ಯಾವುದು ಹರಟೆ ಎಂದು ಬೇರ್ಪಡಿಸುವುದು ಅವನಿಂದಾಗದು. ಇಲ್ಲಿ ಕಳ್ಳ ಪತ್ತೇದಾರನಾಗಿಲ್ಲ, ಪತ್ತೇದಾರ ಪೆದ್ದನಾಗಿದ್ದಾನೆ. ಇಕ್ಕಟ್ಟು ಮಾತ್ರ ಅದೇ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಈ ಕೃತಿಗೆ ಸಂದಿತು. ರಹಸ್ಯವನ್ನು ಬಯಲು ಮಾಡದೆಯೂ ರಹಸ್ಯಕಥೆ ಮೆಚ್ಚುಗೆ ಪಡೆಯಬಲ್ಲದೆಂಬುದಕ್ಕೆ ಅದು ನಿದರ್ಶನ.

ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದುದು ಅವರ ‘ಕರ್ವಾಲೊ’ (1980). ಹಾರುವ ಓತಿಯ ಹುಡುಕಾಟದ ಆ ಕಥೆಯಲ್ಲಿ ನಿಜವಾದ ಶೋಧಕ ಮಂದಣ್ಣ. ಊರಿನವರ ದೃಷ್ಟಿಯಲ್ಲಿ ಅವನು ಕೆಲಸಕ್ಕೆ ಬಾರದವನು, ಪೊಲೀಸ್ ಮೊಕದ್ದಮೆಯಲ್ಲಿ ಸಿಲುಕಿಕೊಳ್ಳುವವನು. ಕಾಡನ್ನು ಹಿತ್ತಿಲ ಕಡೆಯಿಂದ ಬಲ್ಲವನು ಅವನೊಬ್ಬನೇ. ಕಂಡದ್ದನ್ನು ಅವನು ಹೇಳಿದಾಗ ಓದುಬರಹ ಬಲ್ಲವರು ನಗುತ್ತಾರೆ. ವಿಜ್ಞಾನಿ ಕರ್ವಾಲೊ ಮಾತ್ರ ನಗದೆ ಕುಳಿತು ಕೇಳುತ್ತಾರೆ, ಆದ್ದರಿಂದಲೇ ಶೋಧ ಆರಂಭವಾಗುತ್ತದೆ. ಅಡಕೆಮನೆಯ ಅಟ್ಟದಿಂದ ಇಳಿದು ಬಂದ ನಮ್ಮ ಕಳ್ಳನಿಗೆ ಅಂಥ ಕರ್ವಾಲೊ ಯಾರೂ ಇಲ್ಲ. ಅವನು ಬೆಳಗಿನ ಮೊದಲ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋಗಬಹುದು, ಇಲ್ಲವೆ ಏನೂ ಅರಿಯದವನಂತೆ ಅದೇ ಮನೆಯ ಅಂಗಳಕ್ಕೆ ಅಡಕೆ ಸುಲಿಯುವ ಕೂಲಿಯಾಗಿ ಮರಳಿ ಬರಬಹುದು. ಎರಡನೆಯ ದಾರಿ ಹಿಡಿದರೆ ಕಾದಂಬರಿ ಅಲ್ಲಿಂದ ಮೊದಲಾಗುತ್ತದೆ.