ನಿಮಗಿದು ಗೊತ್ತೆ? ಕಾಂಚನಜುಂಗಾ ಕಾಣಬೇಕಾದರೆ ಬೇಗ ಏಳಬೇಕು!

ಡಾರ್ಜಿಲಿಂಗ್‌ವರೆಗೆ ಹೋಗಿಯೂ ಕಾಂಚನಜುಂಗಾದ ದರ್ಶನವಾಗದೆ ಮರಳುವವರು ಬಹಳ ಮಂದಿ. 8,586 ಮೀಟರ್ ಎತ್ತರದ, ಜಗತ್ತಿನ ಮೂರನೇ ಅತಿ ಎತ್ತರದ ಈ ಪರ್ವತ ಒಮ್ಮೊಮ್ಮೆ ದಿನಗಟ್ಟಲೆ ಮೋಡದ ಹಿಂದೆಯೇ ಉಳಿದುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅದನ್ನು ನೋಡಲೆಂದೇ ಹೊರಡಬೇಡಿ. ಮಕ್ಕಳ ಬೇಸಿಗೆ ರಜೆಯ ಮೇ ತಿಂಗಳಲ್ಲೂ ಮಬ್ಬು ಮುಸುಕುವುದುಂಟು. ಮಳೆ ನಿಂತು ಆಕಾಶ ತಿಳಿಯಾದ ಮೇಲಿನ ಅಕ್ಟೋಬರ್ ಕೊನೆ, ನವೆಂಬರ್ ತಿಂಗಳೇ ಪ್ರಶಸ್ತ. ದಸರಾ ರಜೆ ತಡವಾಗಿ ಬಂದ ವರ್ಷ ನಮ್ಮವರಿಗೆ ಅನುಕೂಲ.

ಬೆಳಗಿನ ಜಾವವೇ ಏಕೆ? ರಾತ್ರಿಯ ತಂಪಿಗೆ ಮೋಡಗಳು ಕಣಿವೆಯ ತಳದಲ್ಲಿ ತಂಗಿರುತ್ತವೆ. ಬಿಸಿಲೇರಿದಂತೆ ತೇವದ ಗಾಳಿ ಇಳಿಜಾರುಗಳನ್ನು ಹತ್ತುತ್ತದೆ, ಮೇಲೆ ತಣಿದು ಮೋಡವಾಗುತ್ತದೆ. ಅದಕ್ಕೇ ಡಾರ್ಜಿಲಿಂಗ್ ಬಳಿಯ, ಸುಮಾರು 2,590 ಮೀಟರ್ ಎತ್ತರದ ಟೈಗರ್ ಹಿಲ್‌ಗೆ ಜೀಪುಗಳು ನಸುಕಿಗೂ ಮುನ್ನ ಹೊರಡುತ್ತವೆ. ಆಕಾಶ ತೀರಾ ಶುಭ್ರವಾಗಿದ್ದರೆ ಅಲ್ಲಿಂದ ಎವರೆಸ್ಟ್ ಕೂಡ ಕಾಣುತ್ತದೆ. ದೂರವಿರುವುದರಿಂದ ಅದೇ ಚಿಕ್ಕದಾಗಿ ತೋರುತ್ತದೆ! 19ನೇ ಶತಮಾನದ ಮಧ್ಯಭಾಗದವರೆಗೆ ಕಾಂಚನಜುಂಗಾವೇ ಜಗತ್ತಿನ ಅತ್ಯುನ್ನತ ಶಿಖರವೆಂದು ನಂಬಲಾಗಿತ್ತು.

ಸಿಕ್ಕಿಂ ಜನರಿಗೆ ಇದು ದೈವ. 1955ರ ಮೇ 25ರಂದು ಮೊದಲ ಬಾರಿಗೆ ಏರಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಆ ನಂಬಿಕೆಗೆ ತಲೆಬಾಗಿ ತುತ್ತತುದಿಯನ್ನು ತುಳಿಯದೆ ಕೆಲವೇ ಅಡಿ ಕೆಳಗೆ ನಿಂತರು. ನಂತರ ಬಂದ ಅನೇಕರೂ ಹಾಗೆಯೇ ನಡೆದುಕೊಂಡರು. ಎಷ್ಟು ದೊಡ್ಡ ಮನಸ್ಸು!

ಡಾರ್ಜಿಲಿಂಗ್‌ನಲ್ಲಿ ಒಂದೇ ರಾತ್ರಿಯ ವಾಸ ಸಾಲದು. ಮೂರು ರಾತ್ರಿಯಾದರೂ ಇರಲಿ. ಸಿಕ್ಕಿಂನ ಪೆಲ್ಲಿಂಗ್ ಪಟ್ಟಣ ಈ ಶಿಖರಕ್ಕೆ ಇನ್ನೂ ಹತ್ತಿರ. ಅಲ್ಲೂ ಒಂದೆರಡು ದಿನ ತಂಗಿದರೆ ಕಾಣುವ ಅವಕಾಶ ಹೆಚ್ಚುತ್ತದೆ. ದಪ್ಪ ಸ್ವೆಟರ್ ಮರೆಯಬೇಡಿ.