ಹೊಲವೇ ಸಂಬಳ: ಶೇತಸಿಂಧಿಯ ಚಾಕರಿ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಹಳೇ ಜಮೀನಿನ ಕಾಗದ ತೆಗೆದರೆ ‘ಶೇತಸಿಂಧಿ ಇನಾಮು’ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ಇದೇನಪಾ ಅಂತ ಈಗಿನ ಹುಡುಗರು ಕೇಳುತಾರ. ಅದು ನಿಜಾಮರ ಕಾಲದ ಹಳ್ಳಿ ಪೊಲೀಸನ ಸಂಬಳ. ಶೇತ ಅಂದರೆ ಹೊಲ, ಸನದು ಅಂದರೆ ಸರ್ಕಾರದ ಪತ್ರ. ಶೇತಸನದಿ ಎಂಬುದೇ ನಮ್ಮ ಬಾಯಾಗ ಶೇತಸಿಂಧಿ ಆಯಿತು.

ಊರಿನ ಬಂದೋಬಸ್ತು ಪೊಲೀಸ್ ಪಟೇಲರ ಜಿಮ್ಮೆ, ಕಂದಾಯ ಮಾಲಿ ಪಟೇಲರದು, ಲೆಕ್ಕ ಪಟವಾರಿಯದು. ಕಾಲು ಸವೆಸುವ ಕೆಲಸ ಮಾತ್ರ ಶೇತಸಿಂಧಿಯದು. ರಾತ್ರಿ ಗಸ್ತು, ಕಳ್ಳರ ಸುಳಿವು, ಠಾಣೆಗೆ ವರದಿ, ಸಾಹೇಬರು ಬಂದರೆ ಓಡಾಟ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಸರ್ಕಾರದ ಕಾಗದ ಉರ್ದು. ಓದು ಬಾರದವನಿಗೆ ತಾನು ಹೊತ್ತ ಕಾಗದದಲ್ಲಿ ಏನಿದೆ ಅಂತ ಹ್ಯಾಂಗ ತಿಳಿದೀತು?

ಬ್ರಿಟಿಷ್ ಸೀಮೆಯಲ್ಲೂ ಪೇದೆಯ ಬಾಳು ಸುಖದ್ದಲ್ಲ. 1902-03ರ ಫ್ರೇಜರ್ ಆಯೋಗ ಪೇದೆಗೆ ತಿಂಗಳಿಗೆ ಕನಿಷ್ಠ 8 ರೂಪಾಯಿ ಕೊಡಿರೆಂದು ಹೇಳಬೇಕಾಯಿತು. ಆದರೂ ಅದು ತಿಂಗಳ ರೊಕ್ಕ. ಶೇತಸಿಂಧಿಗೆ ಮಳೆ ಬಂದರೆ ಸಂಬಳ, ಬರ ಬಿದ್ದರೆ ಬರೀ ಚಾಕರಿ. ಬಿತ್ತನೆಯ ಹದದಲ್ಲೇ ಠಾಣೆಯ ಕರೆ ಬಂದರೂ ಇಲ್ಲ ಅನ್ನುವ ಹಾಗಿಲ್ಲ. ಅಣ್ಣತಮ್ಮಂದಿರು ಪಾಲಾದರೆ ಹೊಲ ತುಂಡಾಗುತ್ತದೆ, ಚಾಕರಿ ತುಂಡಾಗುವುದಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1955ರ ಹೈದರಾಬಾದ್ ಇನಾಮು ರದ್ದತಿ ಕಾಯ್ದೆ ಬಂದಾಗ ಶೇತಸಿಂಧಿ, ನೀರಡಿ, ಬಲೂತಾ ಇನಾಮುಗಳನ್ನು ಅದರಿಂದ ಹೊರಗಿಟ್ಟರು. 1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಕಲಬುರ್ಗಿ ಜಿಲ್ಲೆಯ ತಾಂಡೂರು ಆಂಧ್ರಕ್ಕೆ ಹೋದವು. ಗಡಿಯ ಆಚೆ ಕರ್ನಾಟಕದಲ್ಲಿ 1961ರ ಕಾಯ್ದೆಯಂತೆ 1963ರಲ್ಲಿ ವಂಶಪಾರಂಪರ್ಯದ ಊರ ಹುದ್ದೆಗಳು ರದ್ದಾದವು. ಹಣ ಕಟ್ಟಿಸಿಕೊಂಡು ಜಮೀನು ಮರುಮಂಜೂರು ಮಾಡುವ ದಾರಿಯಾಯಿತು. ಈಚೆ ಊರ ಚಾಕರಿ ಹೆಸರು ಬದಲಿಸುತ್ತಾ ನಡೆಯಿತು, ಕೊನೆಗೆ ವಿಆರ್‌ಎ ಆಯಿತು. ತೆಲಂಗಾಣ ಸರ್ಕಾರ ಆ ನೌಕರರನ್ನು ಬೇರೆ ಬೇರೆ ಇಲಾಖೆಗಳಿಗೆ ಸೇರಿಸಿದ್ದು 2023ರಲ್ಲಿ. ಒಂದೇ ಸನದು, ಗಡಿಗೆರೆ ಬಿದ್ದಮೇಲೆ ಎರಡು ಹಣೆಬರಹ.

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಉರ್ದು ಕಾಗದವಿದ್ದರೆ ರದ್ದಿಗೆ ಹಾಕಬೇಡಿ. ಓದಬಲ್ಲವರು ಇರುವಾಗಲೇ ಓದಿಸಿ ಬರೆದಿಡಿ. ಹೊಲ ಉಳಿಯಲಿ, ಹೋಗಲಿ, ಅಜ್ಜ ಕಾದ ರಾತ್ರಿಗಳ ಲೆಕ್ಕ ಅದರಲ್ಲೇ ಅದ.