ಕರುಳಿನ ಒಳಜಗಳ

ಕ್ರೋನ್ಸ್ ಕಾಯಿಲೆಯಲ್ಲಿ ಹುಣ್ಣಾದ ಕರುಳನ್ನು ಕತ್ತರಿಸಿ ತೆಗೆದರೂ, ಹೊಸದಾಗಿ ಜೋಡಿಸಿದ ಜಾಗದಲ್ಲೇ ರೋಗ ಸಾಮಾನ್ಯವಾಗಿ ಮತ್ತೆ ತಲೆ ಎತ್ತುತ್ತದೆ. ಬೆಲ್ಜಿಯಂನ ಲ್ಯೂವೆನ್‌ನ ವೈದ್ಯರು ಐವರು ರೋಗಿಗಳಲ್ಲಿ ಜೋಡಣೆಯ ಜಾಗಕ್ಕೆ ಏನೂ ಇಳಿಯದಂತೆ ಮಾಡಿ, ಕರುಳಿನಲ್ಲಿ ಹರಿಯುವುದನ್ನೆಲ್ಲ ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸಿದರು. ಆರು ತಿಂಗಳು ಕಳೆದರೂ ಹುಣ್ಣಿಲ್ಲ. ಹರಿವನ್ನು ಮತ್ತೆ ಒಳಕ್ಕೆ ಬಿಟ್ಟ ಮೇಲೆ ಹುಣ್ಣು ಬಂತು. ಇದು 1991ರ ವರದಿ. 1998ರಲ್ಲಿ ಅವರು ಇನ್ನೂ ಮುಂದೆ ಹೋಗಿ, ರೋಗಿಯದೇ ಕರುಳಿನ ದ್ರವವನ್ನು ಖಾಲಿ ಬಿಟ್ಟ ಭಾಗಕ್ಕೆ ಹರಿಸಿದರು. ಎಂಟೇ ದಿನಕ್ಕೆ ಉರಿಯೂತ ಶುರುವಾಗಿತ್ತು.

ಆ ದ್ರವದಲ್ಲಿರುವುದು ನಾವು ಹುಟ್ಟಿನಿಂದ ಸಾಕಿಕೊಂಡ ಬ್ಯಾಕ್ಟೀರಿಯಾಗಳೇ. ತಪ್ಪು ಅವುಗಳದೋ, ಅವುಗಳನ್ನು ಕಂಡು ಕೆರಳುವ ನಮ್ಮ ರೋಗನಿರೋಧಕ ಕಣಗಳದೋ? ಇಲಿಗಳು ಒಂದು ಉತ್ತರ ಕೊಟ್ಟಿವೆ. ‘ಸಾಕು, ನಿಲ್ಲಿಸಿ’ ಎಂದು ಈ ಕಣಗಳನ್ನು ತಡೆಯುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನ್ ಇಲ್ಲದ ಇಲಿಗಳ ಕರುಳು ಊದಿಕೊಳ್ಳುತ್ತದೆ. ಅದೇ ತಳಿಯನ್ನು ಒಂದೂ ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದರೆ ಏನೂ ಆಗುವುದಿಲ್ಲ. ಜಗಳಕ್ಕೆ ಇಬ್ಬರೂ ಬೇಕು.

2001ರಲ್ಲಿ ಕ್ರೋನ್ಸ್ ರೋಗಿಗಳಲ್ಲಿ ನಾಡ್-2 ಜೀನಿನ ದೋಷ ಪತ್ತೆಯಾಯಿತು. ಬ್ಯಾಕ್ಟೀರಿಯಾದ ಗೋಡೆಯ ಚೂರನ್ನು ಗುರುತಿಸುವುದು ಈ ಜೀನಿನ ಕೆಲಸ. ಯುರೋಪಿನವರಲ್ಲಿ ಕಂಡ ಆ ದೋಷಗಳು ನಮ್ಮವರಲ್ಲಿ ಅಪರೂಪ. ಆದರೂ ಕಾಯಿಲೆ ಇಲ್ಲಿ ಹೆಚ್ಚುತ್ತಿದೆ. ಮಲದಲ್ಲಿ ರಕ್ತ ಕಂಡರೆ ಉಷ್ಣ ಎಂದು ಎಳನೀರು, ಇಲ್ಲವೇ ಮೂಲವ್ಯಾಧಿ ಎಂದು ಮುಲಾಮು. ಹೀಗೇ ತಿಂಗಳುಗಟ್ಟಲೆ ಕಳೆಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಕ್ರೋನ್ಸ್ ಅನ್ನು ಕರುಳಿನ ಕ್ಷಯವೆಂದು ತಿಳಿದು ಔಷಧ ಕೊಡುವುದೂ ಉಂಟು. ಎರಡೂ ನೋಡಲು ಅಷ್ಟು ಹೋಲುತ್ತವೆ.

ಕೆರಳಿದ ಕಣಗಳನ್ನು ಅಡಗಿಸುವ ಔಷಧಗಳಿವೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇನ್ಫ್ಲಿಕ್ಸಿಮ್ಯಾಬ್ ಅಂಥದ್ದು. ಆದರೆ ಅಡಗಿಸಿದಷ್ಟೂ ಬೇರೆ ಸೋಂಕಿಗೆ, ಮುಖ್ಯವಾಗಿ ಮಲಗಿದ್ದ ಕ್ಷಯಕ್ಕೆ, ಬಾಗಿಲು ತೆರೆದಂತೆ. ಹಾಗಾಗಿ ಜಗಳದ ಇನ್ನೊಂದು ಪಕ್ಷವನ್ನೇ ಬದಲಿಸಿದರೆ ಹೇಗೆ?

ದೆಹಲಿಯ ಏಮ್ಸ್ ವೈದ್ಯರು ಅದನ್ನೇ ಮಾಡಿದರು. ದೊಡ್ಡ ಕರುಳಿನ ಇಂಥದ್ದೇ ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್ ಇದ್ದ 66 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ವಾರಕ್ಕೊಮ್ಮೆ, ಏಳು ಸಲ, ಆರೋಗ್ಯವಂತ ಹಳ್ಳಿಗರ ಮಲದ ದ್ರಾವಣವನ್ನು ಕೊಲೊನೊಸ್ಕೋಪ್ ಮೂಲಕ ಕರುಳಿಗೆ ಬಿಟ್ಟರು. ಜೊತೆಗೆ ಉರಿಯೂತ ತಗ್ಗಿಸುವ ಪಥ್ಯ. 2022ರಲ್ಲಿ ಪ್ರಕಟವಾದ ಲೆಕ್ಕದಂತೆ, ಎಂಟು ವಾರಕ್ಕೆ ಇವರಲ್ಲಿ 60% ಮಂದಿಗೆ ರೋಗಲಕ್ಷಣ ಬಹುತೇಕ ಮಾಯವಾಗಿತ್ತು. ಮಾಮೂಲು ಚಿಕಿತ್ಸೆಯಷ್ಟೇ ಪಡೆದವರಲ್ಲಿ 32%. ಗುಣ ಹಳ್ಳಿಯ ಬ್ಯಾಕ್ಟೀರಿಯಾದ್ದೋ ಪಥ್ಯದ್ದೋ ಎಂದು ಇದರಿಂದ ಬಿಡಿಸಿ ಹೇಳಲಾಗದು. ಯಾರಿಗೆ ಯಾವ ಚಿಕಿತ್ಸೆ ಎಂಬುದೂ ಗುಟ್ಟಾಗಿರಲಿಲ್ಲ. ಹಾಗಿದ್ದರೂ ಈ ಅಂತರವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಮಲವನ್ನು ಯಾರದ್ದಾದರೂ ಸರಿ ಎಂದು ತರುವಂತಿಲ್ಲ. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಿಂದ ಬಂದ, ಔಷಧಕ್ಕೆ ಬಗ್ಗದ ಇ. ಕೋಲೈ ರೋಗಿಯೊಬ್ಬರ ಜೀವ ತೆಗೆಯಿತು. ಅಂಥ ತಳಿಗಳಿಗಾಗಿ ದಾನಿಯ ಮಲವನ್ನು ಮೊದಲೇ ಪರೀಕ್ಷಿಸಬೇಕೆಂದು ಅಲ್ಲಿನ ಔಷಧ ನಿಯಂತ್ರಕರು ಕಡ್ಡಾಯ ಮಾಡಿದರು.